ತುಲಾಭಾರಕ್ಕೆ ಕೂತ ಟಾನಿಕ್ಕು

‘ದಪ್ಪಗಾಗಿದ್ದೀರಿ’ ಎನ್ನುವುದು ನಮ್ಮ ಕಡೆ ಹೊಗಳಿಕೆ. ಹೇಳುವವರು ಸಂತೋಷದಿಂದ ಹೇಳುತ್ತಾರೆ, ಹೇಳಿಸಿಕೊಂಡವನು ನಾಚಿಕೊಂಡು ‘ಎಲ್ಲಿ ಮಾರಾಯ್ರೆ’ ಎನ್ನುತ್ತಾನೆ. ಈ ಹೊಗಳಿಕೆ ಕೇಳಿ ಹೌಹಾರಿದ ಮನುಷ್ಯ ಬಂಟ್ವಾಳ ತಾಲೂಕಿನಲ್ಲೆಲ್ಲ ನಾನೊಬ್ಬನೇ ಇರಬೇಕು. ಯಾಕೆಂದರೆ ನನ್ನ ದಪ್ಪ ತುಪ್ಪದ್ದಲ್ಲ, ಸುಖದ್ದಂತೂ ಅಲ್ಲವೇ ಅಲ್ಲ. ಅದು ಮಾತ್ರೆಯದು.

ಅದಕ್ಕೆ ಮೊದಲು ನಾನು ಒಣಕಡ್ಡಿಯಾಗಿದ್ದೆ. ನರಿಕೊಂಬಿನ ಮನೆಯಿಂದ ಬಂಟ್ವಾಳದ ಶಾಲೆಗೆ ಹೋಗಿ ಪಾಠ ಹೇಳಿ ಬರುವುದಷ್ಟೇ ನನ್ನ ಕೆಲಸ. ಒಂದು ವರ್ಷ ಅದೂ ಆಗದೆ ಹೋಯಿತು. ಬೆಳಿಗ್ಗೆ ಏಳಲು ಮನಸ್ಸಿಲ್ಲ, ಗಂಜಿ ಗಂಟಲಲ್ಲಿ ಇಳಿಯದು, ಕರಿಹಲಗೆಯ ಕಡೆ ತಿರುಗಿದರೆ ಕಾರಣವಿಲ್ಲದೆ ಕಣ್ಣೀರು. ಹೆಂಡತಿ ಸುಮತಿ ನನ್ನನ್ನು ಮಂಗಳೂರಿನ ಡಾಕ್ಟರೊಬ್ಬರ ಹತ್ತಿರ ಎಳೆದುಕೊಂಡು ಹೋದಳು. “ಇದು ಮನಸ್ಸಿನ ಕಾಯಿಲೆ. ಈಗ ಹೊಸ ಮಾತ್ರೆ ಬಂದಿದೆ. ಸ್ವಲ್ಪ ಹಸಿವೆ ಹೆಚ್ಚಾಗಬಹುದು” ಎಂದರು ಅವರು. ಆ ‘ಸ್ವಲ್ಪ’ವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಊರಲ್ಲಿ ನಾವು ಅದನ್ನು ಟಾನಿಕ್ಕು ಎಂದೆವು. ತಲೆಗೆ ಮಾತ್ರೆ ನುಂಗುವ ಮಾಸ್ಟರ ಹತ್ತಿರ ಯಾರು ಮಕ್ಕಳನ್ನು ಕಳುಹಿಸಿಯಾರು? ವಿಷಯ ಹೊರಬಿದ್ದರೆ ನನ್ನ ಕೆಲಸಕ್ಕೆ ಎಳ್ಳುನೀರು ಬಿಡಬೇಕಾಗಿತ್ತು.

ಅದೇ ಹೊತ್ತಿಗೆ ನನ್ನ ಸೋದರಮಾವ ಒಂದು ಹರಕೆ ಹೊತ್ತರು. ನಮ್ಮದು ಅಳಿಯಕಟ್ಟಿನ ಮನೆ. ತಾಯಿಯ ಅಣ್ಣನೇ ಯಜಮಾನ. ಮಾವನದು ಬಿಗಿದ ಮುಖ, ಎರಡು ಮಾತಿನ ಜಾಗದಲ್ಲಿ ಒಂದು ಹೂಂಕಾರ. ಅವರಿಗೂ ಮಾತ್ರೆಯ ಗುಟ್ಟು ಗೊತ್ತಿರಲಿಲ್ಲ. “ಇವ ಎದ್ದು ನಿಂತರೆ ಬಾಳೆಹಣ್ಣಿನಲ್ಲಿ ತುಲಾಭಾರ” ಎಂದು ದೇವರಿಗೆ ಹೇಳಿಕೊಂಡರು. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಈ ಕಡ್ಡಿಗೆ ಎಷ್ಟು ಸಾಕೋ ಅಷ್ಟು ಬಾಳೆಗಿಡಗಳಿಗೆ ಗುರುತು ಕಟ್ಟಿದರು. ದೇವರಿಗೆಂದು ಗುರುತು ಮಾಡಿದ್ದನ್ನು ಆಮೇಲೆ ಹೆಚ್ಚು ಕಡಿಮೆ ಮಾಡುವ ಕ್ರಮ ಅವರಲ್ಲಿಲ್ಲ.

ಮಾತ್ರೆ ಕೆಲಸ ಮಾಡಿತು. ಅಳು ನಿಂತಿತು, ನಿದ್ದೆ ಬಂತು, ಆದರೆ ಹಸಿವೆ, ಅಯ್ಯೋ ದೇವರೇ! ದೋಸೆ ತಿಂದು ಕೈ ತೊಳೆಯುವಷ್ಟರಲ್ಲಿ ಮತ್ತೆ ದೋಸೆಯ ನೆನಪು. ಅಂಗಿಯ ಗುಂಡಿಗಳು ಪಾಠದ ಮಧ್ಯೆ ಹಾರತೊಡಗಿದವು. ಟೈಲರು ಅಂಗಿಯನ್ನು ತಿರುಗಿಸಿ ಮುರುಗಿಸಿ, “ಬಿಡಿಸಲಿಕ್ಕೆ ಇದರಲ್ಲಿ ಇನ್ನು ಬಟ್ಟೆ ಇಲ್ಲ ಮಾಸ್ಟ್ರೆ” ಎಂದ. ಒಂದು ದಿನ ಕನ್ನಡಿಯಲ್ಲಿ ಯಾರೋ ನೆಂಟರು ಬಂದ ಹಾಗೆ ಕಂಡು ನಾನೇ ಬೆಚ್ಚಿಬಿದ್ದೆ. ಸಿಟ್ಟಿನಿಂದ ಮಾತ್ರೆ ಬಿಟ್ಟೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಸುಮತಿ ನೀರಿನ ಲೋಟದ ಜೊತೆ ಬಂದು ನಿಂತಳು. “ಅಂಗಿ ಹೋದರೆ ಇನ್ನೊಂದು ಹೊಲಿಸುವ. ನಿಮ್ಮನ್ನು ಎಲ್ಲಿ ಹೊಲಿಸುವುದು?” ಎಂದಳು. ನುಂಗಿದೆ.

ತುಲಾಭಾರದ ದಿನ ಬೆಳಿಗ್ಗೆಯಿಂದ ಉಪವಾಸ. ದೇವಸ್ಥಾನದ ಅಂಗಳದಲ್ಲಿ, ತಕ್ಕಡಿಯ ಒಂದು ತಟ್ಟೆಯಲ್ಲಿ ನಾನು, ಇನ್ನೊಂದಕ್ಕೆ ಮಾವನ ಗೊನೆಗಳು. ಪರಿಮಳಕ್ಕೆ ನನ್ನ ಬಾಯಲ್ಲಿ ನೀರು. ಗೊನೆಗಳೆಲ್ಲ ಏರಿ ಮುಗಿದವು. ನಾನು ನೆಲ ಬಿಟ್ಟು ಅಲ್ಲಾಡಲಿಲ್ಲ. ಮಾವ ದಂಗಾಗಿ ತಕ್ಕಡಿಯ ಸರಪಳಿ ಎಳೆದು ನೋಡಿದರು. ಸರಪಳಿ ಸರಿಯಾಗಿಯೇ ಇತ್ತು. ಯಾರೋ ತೆಂಗಿನಕಾಯಿ ತಂದರು. “ಹರಕೆ ಬಾಳೆಹಣ್ಣಿನದು, ಕಾಯಿ ಆಗುವುದಿಲ್ಲ. ಕೂತವರು ತೂಗುವವರೆಗೆ ಇಳಿಯಲಿಕ್ಕೂ ಇಲ್ಲ” ಎಂದರು ಪೂಜೆಯ ಭಟ್ಟರು. ಪೇಟೆಯಿಂದ ಗೊನೆ ತರಲು ಸೈಕಲ್ ಓಡಿತು. ಅದು ಬರುವವರೆಗೆ ನಾನು ಊರೆಲ್ಲ ನೋಡುವಂತೆ ಕೂತಿರಬೇಕಾಯಿತು.

ಆಗ ಲಾಯಿಲದಿಂದ ಬಂದಿದ್ದ ನೆಂಟರಾಕೆ ಕಮಲಕ್ಕ ಹತ್ತಿರ ಬಂದು, “ಆ ಟಾನಿಕ್ಕಿನ ಹೆಸರು ಹೇಳಿ ಮಾಸ್ಟ್ರೆ. ನನ್ನ ಮಗಳು ಸಪೂರ ಅಂತ ಬಂದ ಗಂಡುಗಳೆಲ್ಲ ವಾಪಸ್ ಹೋಗ್ತಾರೆ. ನಾಳೆಯೇ ತರಿಸ್ತೇನೆ” ಎಂದರು.  ಸುಮತಿ ಕಣ್ಣಲ್ಲೇ ಬೇಡ ಎಂದಳು. ಆದರೆ ಕಾಯಿಲೆಯೇ ಇಲ್ಲದ ಹುಡುಗಿಗೆ ನನ್ನ ಮಾತ್ರೆ ತಿನ್ನಿಸಿದರೆ? ಅದೂ ದೇವರ ತಕ್ಕಡಿಯಲ್ಲಿ ಕೂತು ಸುಳ್ಳು ಹೇಳುವುದೇ? “ಟಾನಿಕ್ಕಲ್ಲ ಕಮಲಕ್ಕ. ನನಗೆ ಮನಸ್ಸಿನ ಕಾಯಿಲೆ ಬಂದಿತ್ತು. ಅದರ ಮಾತ್ರೆ ಇದು. ಈಗಲೂ ತೆಗೆದುಕೊಳ್ತೇನೆ” ಎಂದುಬಿಟ್ಟೆ.

ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಹಿಂದೆ ಯಾರೋ “ತಲೆಯದ್ದಾ?” ಎಂದು ಪಿಸುಗುಟ್ಟಿದರು. ಕೆಲಸ ಹೋಯಿತು ಎಂದುಕೊಂಡೆ. ಆಗ ಮಾವ ಗುಡುಗಿದರು: “ತಲೆ ಸರಿ ಇಲ್ಲದವ ಇಷ್ಟು ಜನರ ಎದುರು ನಿಜ ಹೇಳ್ತಾನಾ? ಸೈಕಲ್ ಬಂತು. ಗೊನೆ ಹಾಕಿ!” ಗೊನೆ ಬಿತ್ತು, ನಾನು ಮೇಲೆದ್ದೆ. ಆ ಹಣ್ಣು ಊರಿಗೆಲ್ಲ ಪ್ರಸಾದವಾಗಿ ಹಂಚಿಯೂ ಮಿಕ್ಕಿತು. ಕಮಲಕ್ಕನೂ ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಯಾರೂ ಶಾಲೆಯಿಂದ ಮಕ್ಕಳನ್ನು ಬಿಡಿಸಲಿಲ್ಲ. ನನ್ನ ತೂಕದ ಹಣ್ಣು ತಿಂದವರು ಯಾವ ಬಾಯಲ್ಲಿ ಬಿಡಿಸಿಯಾರು!

ಮನೆಗೆ ಮರಳುವಾಗ ಮಾವ ನನ್ನನ್ನು ಹೊಳೆಬದಿಯಲ್ಲಿ ನಿಲ್ಲಿಸಿದರು.  ನೀರಿನ ಕಡೆ ನೋಡುತ್ತ, “ನಿನ್ನ ಅತ್ತೆ ಹೋದ ಮೇಲೆ ನನಗೂ ಗಂಜಿ ಇಳಿಯುವುದಿಲ್ಲ ಮಾರಾಯ. ಆ ಡಾಕ್ಟರು ಮುದುಕರನ್ನು ನೋಡ್ತಾರಾ?” ಎಂದರು.  ಅತ್ತೆ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಅಷ್ಟೂ ಕಾಲ ಒಂದೇ ಮನೆಯಲ್ಲಿ ಉಂಡು, ಅವರದ್ದು ಸಿಟ್ಟಿನ ಮುಖ ಎಂದೇ ನಾನು ತಿಳಿದಿದ್ದೆ. ನನಗೆ ಅಳು ಬಂತು. ಈ ಸಲ ಅದಕ್ಕೆ ಕಾರಣವಿತ್ತು.

ಮರುದಿನವೇ ಮಂಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಅವರಿಗೂ ಅದೇ ಮಾತ್ರೆ ಬರೆದುಕೊಟ್ಟರು. ಮರಳುವಾಗ ಬಸ್ಸಿನಲ್ಲಿ ಅವರ ಎಲುಬಿನ ಭುಜ ನನಗೆ ತಾಗುತ್ತಿದ್ದಾಗ, ದೇವರೇ, ಮಾವ ಮೊದಲಿನಂತಾದರೆ ಬಾಳೆಹಣ್ಣಿನಲ್ಲಿ ತುಲಾಭಾರ ಮಾಡಿಸುತ್ತೇನೆ ಎಂದು ಹೇಳಿಕೊಂಡೆ. ಊರಲ್ಲಿಳಿದವನೇ ತೋಟಕ್ಕೆ ಹೋಗಿ, ಅವರ ಸಪೂರ ಮೈಗೆ ಎಷ್ಟು ಬೇಕೋ ಅಷ್ಟು ಗಿಡಗಳಿಗೆ ಗುರುತನ್ನೂ ಕಟ್ಟಿದೆ. ಸುಮತಿ ತಲೆ ಚಚ್ಚಿಕೊಂಡಳು. ಮೊನ್ನೆ ಊಟಕ್ಕೆ ಕೂತಾಗ ಮಾವ ಮೂರನೆಯ ಸಲ ಅನ್ನ ಹಾಕಿಸಿಕೊಂಡರು. ನನ್ನ ಮುಖ ನೋಡಿದರು, ತೋಟದ ಕಡೆ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.