ಎರಡು ಬೆರಳಿನ ಪಿಕಪ್ಪು

ಎವಾರಿಸ್ತೊ ಸಾಲ್ದಾನನ ಪಿಕಪ್ಪು ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ, ಅದರಡಿ ನುಗ್ಗಿದ ಬೆಕ್ಕು ಆಚೆ ಬರುವಾಗ ಚಪಾತಿಯಾಗಿ ಬರುತ್ತದೆ ಎಂದು ಫಾಂಟಾನಾ ಊರಿನ ಆ ಬೀದಿಯವರು ಆಡಿಕೊಳ್ಳುತ್ತಿದ್ದರು. ಎವಾರಿಸ್ತೊ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದ. ಆರು ವರ್ಷದಿಂದ, ತನ್ನ ಕ್ಷೌರದಂಗಡಿಗೆ ರಜೆಯಿದ್ದಾಗಲೆಲ್ಲ ಅದನ್ನು ಇಂಚಿಂಚಾಗಿ ಇಳಿಸಿದ್ದ. ಮುಂದಿನ ಸ್ಪ್ರಿಂಗುಗಳನ್ನು, ಗಿರಾಕಿಗಳ ಕೂದಲು ಕತ್ತರಿಸುವಷ್ಟೇ ಶ್ರದ್ಧೆಯಿಂದ, ಗರಗಸ ಹಿಡಿದು ಕತ್ತರಿಸಿದ್ದ. (ಕೂದಲು ಮತ್ತೆ ಬೆಳೆಯುತ್ತದೆ, ಸ್ಪ್ರಿಂಗು ಬೆಳೆಯುವುದಿಲ್ಲ ಎಂಬ ವ್ಯತ್ಯಾಸ ಆಗ ಅವನಿಗೆ ಹೊಳೆದಿರಲಿಲ್ಲ.)

ನೋಡಲು ಅಪ್ಸರೆಯಂತಿದ್ದ ಆ ಗಾಡಿ ಓಡುವಾಗ ಮಾತ್ರ ಒನಕೆಯಂತೆ ಕುಟ್ಟುತ್ತಿತ್ತು. ಕುಟ್ಟಿಸಿಕೊಂಡವರಲ್ಲಿ ಅವನ ಅತ್ತೆ ದೋನ್ಯಾ ತೋಮಾಸಾ ಮೊದಲಿಗರು.

"ನಿನ್ನೆ ರೈಲ್ವೆ ಗೇಟ್ ಹತ್ರ ಅಮ್ಮನ ಹಲ್ಲಿನ ಸೆಟ್ಟು ಕಳಚಿ ಮಡಿಲಿಗೆ ಬಿತ್ತು, ಗೊತ್ತಾ?" ಎಂದಳು ಹೆಂಡತಿ ಒಫೇಲಿಯಾ, ಸೋಮವಾರ ಬೆಳಿಗ್ಗೆ ತೊರ್ತಿಯಾ ರೊಟ್ಟಿ ಮಗುಚುತ್ತಾ.

"ಮಡಿಲಿಗೇ ತಾನೆ ಬಿದ್ದಿದ್ದು? ಕಳೆದೇನೂ ಹೋಗ್ಲಿಲ್ವಲ್ಲ."

ಒಫೇಲಿಯಾ ಬೆಂಕಿ ಆರಿಸಿದಳು. ಅವಳು ಒಲೆ ಆರಿಸಿ ಮಾತಾಡಿದರೆ ಅದು ತೀರ್ಪು. "ಕೇಳು ವಾರೊ. ಶನಿವಾರ ಚರ್ಚಲ್ಲಿ ಕೆರ್ಮೆಸ್ ಜಾತ್ರೆ. ಅಮ್ಮನ ಪೊಸೊಲೆ ಸಾರಿಗೋಸ್ಕರ ಅರ್ಧ ಊರು ಬರುತ್ತೆ. ನನ್ನ ಕಾರು ಮೆಕ್ಯಾನಿಕ್ ಹತ್ರ ಬಿದ್ದು ಹತ್ತು ದಿನ ಆಯ್ತು. ಆ ದೊಡ್ಡ ಪಾತ್ರೆ ನಿನ್ನ ಗಾಡೀಲೇ ಹೋಗ್ಬೇಕು. ಒಂದು ತೊಟ್ಟು ಸಾರು ಚೆಲ್ಲಿದ್ರೂ ಈ ಗಾಡಿ ಎಲ್ಲರ ಗಾಡಿ ಥರ ಎದ್ದು ನಿಲ್ಬೇಕು. ಚೆಲ್ಲಲಿಲ್ಲ ಅಂದ್ರೆ, ಆಣೆ, ಇದರ ಮೇಲೆ ಜನ್ಮದಲ್ಲಿ ಒಂದು ಕೆಟ್ಟ ಮಾತು ಆಡಲ್ಲ."

ಎವಾರಿಸ್ತೊ ಕಿಟಕಿಯಿಂದ ಗಾಡಿಯತ್ತ ನೋಡಿದ. ಎತ್ತರದ ಗಾಡಿಯಲ್ಲಿ ಕುಳಿತ ತನ್ನನ್ನು ಒಮ್ಮೆ ಕಲ್ಪಿಸಿಕೊಂಡ. ಏಣಿಯ ಮೇಲೆ ಕುಳಿತು ಸಂಸಾರ ಮಾಡಿದಂತೆ ಕಾಣಿಸಿತು. ಹೀಗೆ ಸಂಕಟದಲ್ಲಿದ್ದಾಗಲೇ ಮಹಾ ಉಪಾಯಗಳು ಹೊಳೆಯುವುದು. ಅವನಿಗೆ ಹೊಳೆದದ್ದು ಕಾಯಿಲ್‌ಓವರ್. (ಕೇಳಿದವರ ಕಿವಿಗೆ ಅದು 'ಕಾಯಿಲೆ ಓವರ್' ಎಂದು ಬಿದ್ದರೆ ತಪ್ಪಿಲ್ಲ, ಅವನು ನಂಬಿದ್ದೂ ಅದನ್ನೇ.) ಶಾಕ್ ಅಬ್ಸಾರ್ಬರಿಗೆ ಸ್ಪ್ರಿಂಗೇ ಸುತ್ತಿಕೊಂಡು ಎರಡೂ ಒಂದೇ ಕಂಬವಾಗಿರುವ ಸಾಮಾನು ಅದು. ಕೆಳಗೊಂದು ತಿರುಪಿನ ಬಳೆ. ಬಳೆ ತಿರುಗಿಸಿದರೆ ಗಾಡಿ ಏಳುತ್ತದೆ, ಇಳಿಯುತ್ತದೆ; ಎಷ್ಟು ಇಳಿದರೂ ಕುಟ್ಟುವುದಿಲ್ಲ. ಶುಕ್ರವಾರ ಪೆಟ್ಟಿಗೆ ಮನೆಗೆ ಬಂತು. ಶನಿವಾರ ಬೆಳಿಗ್ಗೆ ಕೊಂಪಾದ್ರೆ ಲೆಂಚೊ ಬಂದ.

ಲೆಂಚೊ ಎವಾರಿಸ್ತೊನ ಮಗಳ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು, ಕೊಂಪಾದ್ರೆ ಎನ್ನುವುದು ಅದಕ್ಕೇ. ಇಪ್ಪತ್ತು ವರ್ಷದಿಂದ ಕಾಂಪೌಂಡ್ ಗೋಡೆ ಕಟ್ಟುತ್ತಾ ಬಂದಿದ್ದರಿಂದ ತಾನೂ ಒಂದು ಗೋಡೆಯಾಗಿದ್ದ. ಇಬ್ಬರೂ ಗಾಡಿಯನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರ ಬಿಚ್ಚಿದರು. ಅಂಗಳದ ನಿಂಬೆ ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ದೋನ್ಯಾ ತೋಮಾಸಾ ಪೊಸೊಲೆಗೆ ಮೂಲಂಗಿ ಹೆಚ್ಚುತ್ತಾ ಮೇಲ್ವಿಚಾರಣೆ ವಹಿಸಿಕೊಂಡರು.

"ಆ ಬೋಲ್ಟು ಉಲ್ಟಾ ತಿರುಗಿಸ್ತಿದೀಯ, ಅಳಿಯ."

"ಅತ್ತೆ, ನಿಮಗೆ ಹೇಗೆ ಗೊತ್ತು?"

"ಬಯ್ಯೋಕೆ ಶುರು ಮಾಡಿ ಹತ್ತು ನಿಮಿಷ ಆಯ್ತು, ಬೋಲ್ಟು ಇನ್ನೂ ಅಲ್ಲೇ ಇದೆ. ಅದಕ್ಕೆ."

ಬೋಲ್ಟು ನಿಜಕ್ಕೂ ಉಲ್ಟಾ ತಿರುಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಕತ್ತರಿಸಿದ ಹಳೆಯ ಸ್ಪ್ರಿಂಗುಗಳು ಹುಲ್ಲಿನ ಮೇಲೆ ಬಿದ್ದಿದ್ದವು. ಹೊಸ ಕಂಬಗಳು ಎರಡೂ ಕಡೆ ಮಿರಿಮಿರಿ ಮಿನುಗುತ್ತಿದ್ದವು. ಇನ್ನುಳಿದದ್ದು ಎತ್ತರ ಹೊಂದಿಸುವುದು. ಗಾಡಿ ಇಳಿಸುವ ಈ ಮಂದಿಯಲ್ಲಿ ಎತ್ತರವನ್ನು ಅಳತೆಪಟ್ಟಿಯಿಂದ ಅಳೆಯುವುದು ಮಾನಗೇಡು. ಟೈರಿಗೂ ಮಡ್ಗಾರ್ಡಿಗೂ ನಡುವೆ ಎಷ್ಟು ಬೆರಳು ಹೋಗುತ್ತದೆ ಎಂಬುದೇ ಲೆಕ್ಕ. ನಾಲ್ಕು ಬೆರಳು ಹೋದರೆ ಪಾಪ ಎನ್ನುತ್ತಾರೆ, ಎರಡು ಹೋದರೆ ಗೌರವದಿಂದ ಟೊಪ್ಪಿ ತೆಗೆಯುತ್ತಾರೆ.

"ಎರಡು ಬೆರಳು, ಕೊಂಪಾದ್ರೆ," ಎಂದ ಎವಾರಿಸ್ತೊ.

"ಎರಡೇ ಬೆರಳು," ಎಂದು ಲೆಂಚೊ ಬಲಗಡೆಗೆ ಹೋದ. ಇವನು ಎಡಗಡೆ ಕುಳಿತ. ಬಳೆ ತಿರುಗಿಸಿದರು, ಇಳಿಸಿದರು, ಗಾಡಿಯನ್ನು ಹಿಂದೆ ಮುಂದೆ ತಳ್ಳಿ ಕೂರಿಸಿದರು, ಬೆರಳು ತೂರಿಸಿದರು, ಮತ್ತೆ ಎತ್ತಿದರು.

"ನಂದು ಎರಡು!"

"ನಂದೂ ಎರಡು!"

ಇಬ್ಬರೂ ಬೀದಿಗೆ ಹೋಗಿ ನಿಂತು ನೋಡಿದರೆ ಗಾಡಿ, ಕಿವಿ ಮಂದವಾದ ಮುದುಕ ಗುಟ್ಟು ಕೇಳಲು ಬಾಗಿದಂತೆ, ಎಡಕ್ಕೆ ವಾಲಿತ್ತು. ದೋನ್ಯಾ ತೋಮಾಸಾ ಎದ್ದು ಬಂದು ಬಾನೆಟ್ಟಿನ ನಡುವೆ ಒಂದು ನಿಂಬೆಹಣ್ಣಿಟ್ಟರು. ಅದು ಒಂದು ಕ್ಷಣ ಯೋಚಿಸಿ, ಎಡಕ್ಕೆ ಉರುಳಿ, ಅಂಗಳ ದಾಟಿ ಚರಂಡಿ ಸೇರಿತು.

"ನನ್ನ ಪೊಸೊಲೆನೂ ಇದೇ ದಾರಿ ಹಿಡಿಯುತ್ತೆ," ಎಂದರು.

"ನೀನು ತಪ್ಪು ಅಳೆದಿದೀಯ!" ಎಂದ ಎವಾರಿಸ್ತೊ.

"ನಾನಾ? ಎರಡು ಬೆರಳು ಅಂದ್ರೆ ಎರಡು ಬೆರಳು! ಬೇಕಾದ್ರೆ ನೋಡು!" ಎಂದು ಲೆಂಚೊ ಕೈ ಚಾಚಿದ.

ಎವಾರಿಸ್ತೊ ನೋಡಿದ. ಕ್ಷೌರಿಕನ ತನ್ನ ಬೆರಳುಗಳು ಬಾಚಣಿಗೆಯ ಹಲ್ಲಿನಂತಿದ್ದವು. ಲೆಂಚೊನವು ಚೊರೀಸೊ ಸಾಸೇಜಿನಂತಿದ್ದವು. ಇವನ ನಾಲ್ಕು ಬೆರಳು ಅವನ ಎರಡಕ್ಕೆ ಸಮ. (ಅಂಗುಲ ಎಂಬ ಮಾತು ಬೆರಳಿನಿಂದಲೇ ಹುಟ್ಟಿದ್ದು ನಿಜ, ಆದರೆ ಯಾರ ಬೆರಳು ಎಂದು ಯಾರೂ ಬರೆದಿಡಲಿಲ್ಲ.)

"ನನ್ನ ಬೆರಳಿಗೆ ಹೊಂದಿಸೋಣ. ಗಾಡಿ ನಂದು."

"ಗೋಡೆ ಕಟ್ಟೋನ ಬೆರಳು, ಮಾರಾಯ, ಸುಳ್ಳು ಹೇಳಲ್ಲ!"

"ಗೋಡೆ ಓಡುತ್ತೇನೋ?"

"ಕೂದಲು ಓಡುತ್ತಾ?"

ಈ ತರ್ಕಸಂಗ್ರಾಮ ಸ್ಪ್ಯಾನರ್ ಎತ್ತುವ ಹಂತ ಮುಟ್ಟಿದಾಗ ದೋನ್ಯಾ ತೋಮಾಸಾ ಏಪ್ರನ್ನಿಗೆ ಕೈ ಒರೆಸಿಕೊಂಡು, ಮೊಣಕಾಲು ಲಟಕ್ಕೆನ್ನಿಸುತ್ತಾ ಟೈರಿನ ಪಕ್ಕ ಕುಳಿತರು.

"ಐವತ್ತು ವರ್ಷ ಅಕ್ಕಿ ಮೇಲೆ ನೀರು ಅಳೆದ ಬೆರಳು ಇದು. ಒಂದಿನಾನೂ ಅನ್ನ ಮುದ್ದೆ ಆಗಿಲ್ಲ. ಎರಡೂ ಕಡೆ ಇದರದ್ದೇ ಅಳತೆ, ಎರಡು ಬೆರಳು."

ಅದರ ಮೇಲೆ ಮೇಲ್ಮನವಿಗೆ ಅವಕಾಶವಿರಲಿಲ್ಲ. ಅವರು ಎಡಕ್ಕೆ ಹೋದರು, ಬಲಕ್ಕೆ ಬಂದರು, "ಏರಿಸು", "ಇಳಿಸು", "ಸಾಕು" ಎಂದರು. ಕೊನೆಗೆ ಗಾಡಿ ಕೆರೆಯ ನೀರಿನಂತೆ ಸಮನಾಗಿ ನಿಂತಿತು. ಎರಡನೆಯ ನಿಂಬೆಹಣ್ಣು ಇಟ್ಟಲ್ಲೇ ಕುಳಿತಿತು.

ನಾಲ್ಕು ಗಂಟೆಗೆ ಹೊರಟರು. ಎವಾರಿಸ್ತೊ ಸ್ಟೀರಿಂಗಿನ ಹಿಂದೆ, ಒಫೇಲಿಯಾ ನಡುವೆ, ಕಿಟಕಿಯ ಬಳಿ ದೋನ್ಯಾ ತೋಮಾಸಾ. ಅವರ ಕಾಲುಗಳ ನಡುವೆ, ಕಂಬಳಿ ಸುತ್ತಿಸಿಕೊಂಡು, ಕಂಠದವರೆಗೆ ತುಂಬಿದ ಪಾತ್ರೆ. ಮುಚ್ಚಳವನ್ನು ಅವರು ಬೇಕೆಂದೇ ತೆಗೆದಿಟ್ಟಿದ್ದರು. "ಸತ್ಯ ಕಾಣ್ಬೇಕು," ಎಂದರು.

ಶಾಲೆಯ ಮುಂದಿನ ಹಂಪ್ ಬಂತು. ಒಫೇಲಿಯಾ ಕಣ್ಣು ಮುಚ್ಚಿದಳು. ಗಾಡಿ ಸುಮ್ಮನೆ ಉಸಿರೆಳೆದು ಬಿಟ್ಟಂತೆ ದಾಟಿತು. ಕೆಂಪು ಸಾರಿನ ಮೇಲೆ ಒಂದು ಸಣ್ಣ ಅಲೆ ಹುಟ್ಟಿ ಅಂಚಿನವರೆಗೆ ಹೋಗಿ, ಅಲ್ಲಿಂದ ಮನಸ್ಸು ಬದಲಿಸಿ ಹಿಂದಕ್ಕೆ ಬಂತು. ಆಮೇಲೆ ರೈಲ್ವೆ ಗೇಟು. ದೋನ್ಯಾ ತೋಮಾಸಾ ಒಂದು ಕೈಯಲ್ಲಿ ಜಪಮಣಿ, ಇನ್ನೊಂದರಲ್ಲಿ ದವಡೆ ಹಿಡಿದುಕೊಂಡರು. ಒಂದು ಹಳಿ, ಎರಡು ಹಳಿ, ಮೂರು, ನಾಲ್ಕು. ಎವಾರಿಸ್ತೊನ ಬೆನ್ನ ಮೇಲೆ ಬೆವರು ಇಳಿಯಿತೇ ಹೊರತು ಪಾತ್ರೆಯಿಂದ ಏನೂ ಇಳಿಯಲಿಲ್ಲ. ಅತ್ತೆಯ ಹಲ್ಲುಗಳು ಬಾಯಲ್ಲೇ ಇದ್ದವು, ಅಷ್ಟೇ ಅಲ್ಲ, ನಗುತ್ತಿದ್ದವು.

"ವಾರೊ," ಎಂದಳು ಒಫೇಲಿಯಾ ಮೆಲ್ಲಗೆ, "ತೊಟ್ಟಿಲು ತೂಗಿದ ಹಾಗಿದೆ ಕಣೋ."

ಆರು ವರ್ಷದಲ್ಲಿ ಅವಳು ಆ ಗಾಡಿಯ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು. ಎವಾರಿಸ್ತೊ ಚರ್ಚಿನವರೆಗೂ ಅದನ್ನೇ ಮೆಲುಕು ಹಾಕುತ್ತಾ ಓಡಿಸಿದ.

ಒಳ್ಳೆಯ ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಪೊಸೊಲೆ ಖಾಲಿಯಾಗುವಷ್ಟರಲ್ಲಿ ಒಫೇಲಿಯಾ ಅದನ್ನು ಚರ್ಚಿನ ಅಂಗಳದಲ್ಲೆಲ್ಲ ಹಂಚಿದ್ದಳು. ಜಪಮಾಲೆ ಸಂಘದ ಹಿರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೀಟಿನ ಮೇಲೆ ಕುಳಿತು ನೋಡಿದರು. ಕಾಲೆತ್ತಿ ಹತ್ತುವ ಕೆಲಸವೇ ಇಲ್ಲ. ಮಂಚದ ಮೇಲೆ ಕೂತಂತೆ ಕೂತರಾಯಿತು.

"ನಮ್ಮ ಮಂಡಿ ನೋವು ನೋಡಿಯೇ ಮಾಡ್ಸಿದಾನೆ, ಬಂಗಾರದಂಥ ಅಳಿಯ," ಎಂದರು ಒಬ್ಬರು.

"ಮತ್ತೆ? ಅಳತೆ ನಂದೇ," ಎಂದರು ದೋನ್ಯಾ ತೋಮಾಸಾ.

"ಕೀ ಕೊಡು ವಾರೊ," ಎಂದಳು ಒಫೇಲಿಯಾ. "ಅಮ್ಮನ ಜೊತೆ ಇವರನ್ನೂ ಮನೆಗೆ ಬಿಡ್ತೀನಿ. ನಾಳೆ ಬೆಳಿಗ್ಗೆ ಪೂಜೆಗೆ ಇಬ್ಬರನ್ನ ಕರ್ಕೊಂಡು ಬರ್ತೀನಿ ಅಂತ ಮಾತು ಕೊಟ್ಟಿದೀನಿ. ಮಂಗಳವಾರ ಕಣ್ಣಿನ ಡಾಕ್ಟರ್, ಗುರುವಾರ ಜಪ."

"ಮತ್ತೆ ನಾನು?"

"ಸೀಟಲ್ಲಿ ಮೂರೇ ಜನ ಅಲ್ವಾ?"

ಅವಳು ಕೊಟ್ಟ ಆಣೆ ಮುರಿದಿರಲಿಲ್ಲ. ಒಂದೂ ಕೆಟ್ಟ ಮಾತಾಡಿರಲಿಲ್ಲ. ಕೀ ಕೊಡದೆ ಗತಿಯಿರಲಿಲ್ಲ.

ಗಾಡಿ ಗೇಟು ದಾಟಿ ಬೀದಿಗಿಳಿಯಿತು. ತನ್ನ ಗಾಡಿ ಹೋಗುವುದನ್ನು ಹೊರಗೆ ನಿಂತು ಅವನು ಎಂದೂ ನೋಡಿರಲಿಲ್ಲ. ಇಳಿಬಿಸಿಲಲ್ಲಿ ಅದು ನೆಲವನ್ನು ಸವರಿಕೊಂಡು, ತನ್ನ ನೆರಳಿನ ಮೇಲೇ ತೇಲಿಕೊಂಡು ಹೋಯಿತು. ಎಷ್ಟು ಚಂದವಿತ್ತೆಂದರೆ ಒಂದು ಗಳಿಗೆ ಅವನಿಗೆ ದುಃಖಪಡುವುದೇ ಮರೆತುಹೋಯಿತು. ಅಷ್ಟರಲ್ಲಿ ಗಾಡಿ ನಿಂತು, ಕಿಟಕಿಯಿಂದ ಅತ್ತೆಯ ತಲೆ ಹೊರಬಂತು.

"ಅಳಿಯ! ಪಾತ್ರೆ ತಗೊಂಡು ನಡ್ಕೊಂಡು ಬಾಪ್ಪಾ! ತಳದಲ್ಲಿ ನನ್ನ ಪಾಲು ಸಾರು ಉಳಿಸಿದೀನಿ. ಅಲುಗಾಡಿಸಬೇಡ, ಒಂದು ತೊಟ್ಟೂ ಚೆಲ್ಲಬಾರದು!"