ಬಾಲದ ಕಡೆಗೆ ತಿರುಗಿದ ಬಾಣ

ಕೆಡದ ವಸ್ತುವಿಗೆ ರಿಪೇರಿ ಬೇಕಿಲ್ಲ. ಇದು ನಿಮಗೆ ಗೊತ್ತಿರಬೇಕು. ನನಗೂ ಗೊತ್ತಿತ್ತು, ಚೆನ್ನಾಗಿದ್ದ ರಸ್ತೆ ಅಗೆದವರನ್ನು ಪತ್ರಿಕೆಯ ನನ್ನ ಮೂರು ಅಂಕಣಗಳಲ್ಲಿ ಜಾಡಿಸಿದ್ದೇನೆ. ಆದರೂ ಹೋದ ಶನಿವಾರ, ಹೆಂಡತಿ ಕೆಲಸಕ್ಕೆ ಹೊರಟ ಕೂಡಲೇ, ಅವಳ ರಿಮೋಟ್ ಹೆಲಿಕಾಪ್ಟರಿನ ಹೊಟ್ಟೆ ಬಿಚ್ಚಿದೆ. ಒಂದೇ ಗಂಟೆಯಲ್ಲಿ ವಾಯುಸೇನೆಯೇ ಹೊಟ್ಟೆಕಿಚ್ಚು ಪಡುವಂತೆ ಮಾಡುತ್ತೇನೆಂದು ಕನ್ನಡಿಗೆ ಮಾತು ಕೊಟ್ಟಿದ್ದೆ.

ಅವಳು ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಬಿಡುವಿನಲ್ಲಿ ಮೊಳದುದ್ದದ ಈ ಹೆಲಿಕಾಪ್ಟರ್ ಹಾರಿಸುತ್ತಾಳೆ. ಮರುದಿನ ಅವಳ ಕ್ಲಬ್ಬಿನ ಪರೀಕ್ಷೆ: ಸುಣ್ಣದ ವೃತ್ತದ ಮೇಲೆ ಒಂದು ನಿಮಿಷ ಅದನ್ನು ಗಾಳಿಯಲ್ಲಿ ಅಲುಗದೆ ನಿಲ್ಲಿಸಬೇಕು. ಹೋದ ವರ್ಷ ನಾಲ್ಕೇ ಸೆಕೆಂಡು ಕಡಿಮೆಯಾಗಿ ತಪ್ಪಿತ್ತು. ಈ ಸಲವೂ ತಪ್ಪಿದರೆ? ಗಂಡನಾದವನು ಸುಮ್ಮನೆ ಕೂರುವುದೇ? ವಾಲಿದರೆ ತಾನೇ ನೆಟ್ಟಗೆ ಮಾಡುವ ಹೊಸ ಕಂಟ್ರೋಲ್ ಬೋರ್ಡನ್ನು ಗುಟ್ಟಾಗಿ ತರಿಸಿದ್ದೆ. ಬೆಂಕಿಪೊಟ್ಟಣದಷ್ಟು ಗಾತ್ರ, ನನಗಿಂತ ಹೆಚ್ಚು ಬುದ್ಧಿ.

ಬೋರ್ಡಿನ ಮೇಲೊಂದು ಬಿಳಿ ಬಾಣವಿತ್ತು. ಜೊತೆಗೆ ಹನ್ನೆರಡು ಪುಟದ ಕೈಪಿಡಿ. ಬಾಣ ಅಲಂಕಾರಕ್ಕೆ, ಕೈಪಿಡಿ ದಡ್ಡರಿಗೆ ಎಂದುಕೊಂಡೆ. ಹಳೆಯ ಬೋರ್ಡನ್ನು ಕಿತ್ತು, ವೈರು ಎಟುಕುವ ಹಾಗೆ ಹೊಸದನ್ನು ತಿರುಗಿಸಿ ಅಂಟಿಸಿದೆ.

ನಡುಮನೆಯಲ್ಲಿ ಅತ್ತೆ ಕಾಲುಚೀಲದ ತೂತು ಹೊಲಿಯುತ್ತಿದ್ದರು.

"ಅವಳನ್ನ ಕೇಳಿದ್ರಾ?"

"ಸರ್‌ಪ್ರೈಸ್ ಅತ್ತೆ."

"ಹೌದು ಬಿಡಿ, ಸರ್‌ಪ್ರೈಸೇ ಆಗುತ್ತೆ."

ಅಲ್ಲೇ ನೆಲದ ಮೇಲಿಟ್ಟು ರಿಮೋಟ್ ಒತ್ತಿದೆ, ಹೆಲಿಕಾಪ್ಟರ್ ಸೊಂಟದೆತ್ತರ ಏರಿತು. ಮೂಗು ಕೊಂಚ ಮುಂದಕ್ಕೆ ಬಾಗಿತು. ಬೋರ್ಡು ಅದನ್ನು ಹಿಂದಕ್ಕೆಳೆಯಬೇಕಿತ್ತು. ಅದರ ಬದಲು, ಎಡವಿದವನ ಬೆನ್ನಿಗೆ ಗುದ್ದಿದ ಹಾಗೆ, ಇನ್ನಷ್ಟು ಮುಂದಕ್ಕೆ ನೂಕಿತು.

"ಅಳಿಯಂದಿರೇ, ಅದು ನನ್ನನ್ನೇ ನೋಡ್ತಾ ಇದೆ."

"ಹೆದರಬೇಡಿ, ಅದೇ ಸರಿ ಮಾಡ್ಕೊಳ್ಳುತ್ತೆ."

ಎಪ್ಪತ್ತರ ವಯಸ್ಸಿನಲ್ಲಿ ಅತ್ತೆ ಸೋಫಾದ ಹಿಂದಕ್ಕೆ ಹಾರಿದ ರೀತಿಗೆ ಕ್ಲಬ್ಬಿನವರು ಪದಕ ಕೊಡಬೇಕು! ಹೆಲಿಕಾಪ್ಟರ್ ಪರದೆ ಸೀಳಿ, ಕಪಾಟಿಗೆ ಬಡಿದು, ನನ್ನ ಹನ್ನೊಂದು ವರ್ಷದ ಅಂಕಣಗಳ ಕಡತದ ಸಮೇತ ನೆಲಕ್ಕೆ ಬಿತ್ತು. ರೆಕ್ಕೆಗಳೆರಡೂ ಮುರಿದವು.

ಮರೆತ ಕನ್ನಡಕಕ್ಕಾಗಿ ವಾಪಸು ಬಂದ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ, ಭಯವಾದದ್ದೇ ಅದಕ್ಕೆ. ಕನ್ನಡಕ ಏರಿಸಿ, ನೆಲದ ಮೇಲೆ ಕೂತು, ಬೋರ್ಡನ್ನು ನೋಡಿದಳು.

"ರೀ, ಈ ಬಾಣ ಯಾವ ಕಡೆಗಿದೆ?"

"ಬಾಲದ ಕಡೆಗೆ."

"ಮೂಗಿನ ಕಡೆಗಿರಬೇಕಿತ್ತು. ಮುಂದೆ ಬಾಗಿದ್ದನ್ನ ಹಿಂದೆ ಬಾಗಿದೆ ಅಂದ್ಕೊಂಡು ತಿದ್ದಿದೆ, ಪಾಪ."

"ಎಂಥ ಬೋರ್ಡು ಮಾರ್ತಾರೆ ನೋಡು! ಈ ವಾರ ಇವರ ಮೇಲೇ ಬರೀತೀನಿ."

"ಬೋರ್ಡು ಚೆನ್ನಾಗೇ ಇದೆ. ಉಲ್ಟಾ ಕೂತ್ಕೊಂಡು, ಎಲ್ಲಾ ತನಗೇ ಗೊತ್ತು ಅಂತ ಕಂಡದ್ದನ್ನೆಲ್ಲ ತಿದ್ದುತ್ತೆ, ಅಷ್ಟೇ. ಅಂಥದ್ದೊಂದು ಮನೇಲಿ ಆಗ್ಲೇ ಇದೆಯಲ್ಲ, ಎರಡನೇದು ಯಾಕೆ ತರಿಸಿದ್ರಿ?"

ಸೋಫಾದ ಹಿಂದಿನಿಂದ ಅತ್ತೆಯ ನಗು ಕೇಳಿಸಿತು.

ಅವಳು ಹಳೆಯ ಬೋರ್ಡನ್ನೇ ಮತ್ತೆ ಕೂರಿಸಿದಳು. ಬಿಡಿಭಾಗದ ಪೆಟ್ಟಿಗೆಯಿಂದ ಬೇರೆ ರೆಕ್ಕೆ ತೆಗೆದು ಹಾಕಿದಳು. ಭಾನುವಾರ ಅರವತ್ತೊಂದು ಸೆಕೆಂಡು ನಿಲ್ಲಿಸಿದಳು. ನಾನು ಬೇಲಿಯಾಚೆ ನಿಂತು ನೋಡಿದೆ. ಎರಡೂ ಕೈ ಜೇಬಿನಲ್ಲಿರಬೇಕೆಂದು ಅವಳ ಷರತ್ತು.

ವಸ್ತು ಅವಳದು, ಪರೀಕ್ಷೆಯೂ ಅವಳದೇ. ಹನ್ನೊಂದು ವರ್ಷದಿಂದ ಊರಿಗೆಲ್ಲ ಬುದ್ಧಿ ಹೇಳುವ ನನಗೆ ಅವಳನ್ನೊಂದು ಮಾತು ಕೇಳಬೇಕೆಂದು ತೋಚಲಿಲ್ಲ. ನೀವೂ ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಇದನ್ನು ಓದುತ್ತಿದ್ದರೆ, ಕೆಳಗಿಡಿ. ಏಳಿ. ಆ ವಸ್ತು ಯಾರದೋ, ಮೊದಲು ಅವರನ್ನು ಕೇಳಿ ಬನ್ನಿ.