ಹಿತ್ತಲಿನ ಬಾಣಂತಿ

ಮೇಲ್ಮನೆಯ ಬಚ್ಚಲಿನ ಪೈಪು ಒಡೆದು, ನೀರೆಲ್ಲ ಕೆಳಮನೆಯ ದರ್ಜಿಯ ಹಿತ್ತಲಿಗೆ ಇಳಿಯತೊಡಗಿ ವರ್ಷವಾಗಿತ್ತು. ಗೋಡೆಗೆ ತೇವ, ತೇವಕ್ಕೆ ಬೂಷ್ಟು, ಬೂಷ್ಟು ಹತ್ತಿದ ಕೋಟುಗಳಿಗೆ ಗಿರಾಕಿಗಳ ಬೈಗುಳ. ಇದು ಹೀಗೇ ಮುಂದುವರಿದರೆ ಅಂಗಡಿಗೆ ಬೀಗ ಹಾಕುವುದೇ ಸೈ. ಮೇಲ್ಮನೆಯಾಕೆಗೆ ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು. "ನೀರು ತಾನೆ, ಬೆಂಕಿ ಅಲ್ವಲ್ಲ?" ಎನ್ನುತ್ತಿದ್ದಳು ಆಕೆ. ಅದನ್ನು ಕೇಳಿದಾಗಲೆಲ್ಲ ಅವನ ಮೈ ಉರಿಯುತ್ತಿತ್ತು.

ಕೊನೆಗೂ ಅಂದು ಬೆಳಿಗ್ಗೆ ನಲ್ಲಿ ರಿಪೇರಿಯವನು ಬಂದ. ಪೈಪು ಹುಡುಕಲು ನಾಲ್ಕು ಗುದ್ದಲಿ ಮಣ್ಣು ಎತ್ತಿದ್ದೇ ತಡ, ಕೆಸರಿನೊಳಗೆ ಸುರುಳಿ ಸುತ್ತಿದ್ದ ನುಣುಪಾದ ಪ್ರಾಣಿಯೊಂದು ಮಿಸುಕಿತು.

"ಹಾವು!" ಎಂದು ಮೇಲ್ಮನೆಯಾಕೆ ಬಾಲ್ಕನಿಯಿಂದ ಕಿರುಚಿದಳು. ನಲ್ಲಿಯವನು ಗುದ್ದಲಿ ಎಸೆದು ಕಾಂಪೌಂಡು ಏರಿ ಕುಳಿತ. ಅಕ್ಕಪಕ್ಕದವರೆಲ್ಲ ಸಲಹೆ ಹಿಡಿದು ಬಂದರು. ಕೋಲು ಮಾತ್ರ ಯಾರೂ ತರಲಿಲ್ಲ.

"ಇಳಿಯಯ್ಯಾ ಕೆಳಗೆ! ಅದು ಎರೆಹುಳ, ಚೆನ್ನಾಗಿ ತಿಂದು ಕೊಬ್ಬಿದೆ ಅಷ್ಟೆ," ದರ್ಜಿ ಗುಡುಗಿದ.

"ಹಾವಲ್ಲ ಅಂತ ತಿಳಿದೋರು ಹೇಳ್ಲಿ, ಇಳೀತೀನಿ."

ದರ್ಜಿಯ ಸಿಟ್ಟು ನೆತ್ತಿಗೇರಿತು. ಅದೇ ಸಿಟ್ಟಿನಲ್ಲಿ ಎದುರುಮನೆಗೆ ನುಗ್ಗಿ, ಗಡ್ಡ ಹೆರೆದುಕೊಳ್ಳುತ್ತಿದ್ದ ಜೀವಶಾಸ್ತ್ರದ ಮೇಷ್ಟ್ರನ್ನು ಸೋಪಿನ ನೊರೆ ಸಮೇತ ಎಳೆದುತಂದ.

ಮೇಷ್ಟ್ರು ಕೆಸರಿನಲ್ಲಿ ಮಂಡಿಯೂರಿ ನೋಡಿದವರೇ ಕುಣಿದಾಡಿಬಿಟ್ಟರು. "ಸಿಸಿಲಿಯನ್! ಹಾವೂ ಅಲ್ಲ, ಹುಳಾನೂ ಅಲ್ಲ. ಕಾಲಿಲ್ಲದ ಪ್ರಾಣಿ, ಕಪ್ಪೆಗಳ ದಾಯಾದಿ. ಜೀವಮಾನದಲ್ಲಿ ಇವತ್ತೇ ಕಣ್ಣಾರೆ ನೋಡಿದ್ದು!"

"ಕೇಳಿದ್ರಾ ಎಲ್ರೂ?" ದರ್ಜಿ ಎದೆಯುಬ್ಬಿಸಿದ. "ಅಗಿಯಯ್ಯಾ ಇನ್ನು!"

"ಗುದ್ದಲಿ ಮುಟ್ಟಿದ್ರೆ ಜೋಕೆ!" ಮೇಷ್ಟ್ರು ಗುಂಡಿಗೆ ಅಡ್ಡ ಮಲಗಿಯೇಬಿಟ್ಟರು. "ತಾಯಿ ಮೊಟ್ಟೆಗಳನ್ನ ಸುತ್ಕೊಂಡು ಕಾಯ್ತಾ ಇದೆ ಕಣ್ರೀ. ಒದ್ದೆ ಮಣ್ಣಿಲ್ದೆ ಇದು ಬದುಕಲ್ಲ. ಪೈಪು ಸರಿಮಾಡಿದ್ರೆ ಎಲ್ಲಾ ಸತ್ತುಹೋಗ್ತವೆ!"

"ಮತ್ತೆ ನನ್ನ ಗೋಡೆ?"

"ಮರಿ ಆಗೋವರೆಗೆ ತಡ್ಕೊಳ್ಳಿ."

"ಆಮೇಲೆ?"

"ಆಮೇಲೆ ಮರಿಗಳು ಎಲ್ಲಿಗೆ ಹೋಗ್ಬೇಕು?"

ಇಷ್ಟು ಹೊತ್ತು ಹಾವೆಂದು ಹೆದರಿ ನಿಂತಿದ್ದ ಗುಂಪು ಈಗ ದರ್ಜಿಗೇ ಬುದ್ಧಿ ಹೇಳಿತು: "ಪಾಪ, ಬಾಣಂತಿ ಕಣಯ್ಯಾ!"

"ಹಾಗಿದ್ರೆ ನಿಮ್ಮನೇಗೆ ಕರ್ಕೊಂಡ್ಹೋಗಿ ಬಾಣಂತನ ಮಾಡಿ!" ದರ್ಜಿ ಹಲ್ಲು ಕಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬಾಲ್ಕನಿಯಲ್ಲಿ ಮೇಲ್ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ನೀರಲ್ಲೇ ಬೆಳೆದಿದ್ದಾ ತಾಯೀ!" ಎನ್ನುತ್ತ ಒಳಗೆ ಹೋಗಿ ಬಚ್ಚಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಗೋಡೆಯ ಮೇಲೆ ನೀರು ಧಾರೆಯಾಗಿ ಇಳಿಯಿತು.

ಮೇಷ್ಟ್ರು ಹಿತ್ತಲಿನ ಇನ್ನೊಂದು ಮೂಲೆಯ ಮಣ್ಣು ಮುಟ್ಟಿ ನೋಡಿ ಮುಖ ಹಿಂಡಿದರು. "ಈ ಕಡೆ ಒಣಗಿದೆ. ದರ್ಜಿಗಳೇ, ನಿಮ್ಮ ಅಡುಗೆಮನೆ ನೀರನ್ನ ಇಲ್ಲಿಗೆ ಬಿಡಬಹುದಲ್ವಾ?"

ನಲ್ಲಿಯವನು ಕಾಂಪೌಂಡಿನಿಂದ ಧುಮುಕಿ, ಗುದ್ದಲಿ ಕೈಗೆತ್ತಿಕೊಂಡ.

"ಅದೇನ್ ಮಹಾ ಸಾರ್, ಈಗ್ಲೇ ಪೈಪ್ ಒಡೆದುಕೊಡ್ತೀನಿ."